ಅಪ್ಪ, ಅಮ್ಮ, ತಂಗಿ, ಇಬ್ಬರು ಗೆಳೆಯರು, ಮೂರೇ ಊರು: ಲೋಕಲ್ ರೈಲಿನಲ್ಲಿ ಯುರೋಪು ಸುತ್ತಿದ ನನ್ನ ಅನುಭವ

"ವಯಸ್ಸಾದವರನ್ನ ಕಟ್ಕೊಂಡು ಲೋಕಲ್ ರೈಲಲ್ಲಿ ಯುರೋಪಾ? ಮೂರನೇ ದಿನಕ್ಕೆ ನಿಮ್ಮಮ್ಮ ವಾಪಸ್ ಹೋಗೋಣ ಅಂತಾಳೆ, ನೋಡ್ತಿರು."

ಹೀಗೆ ಹೇಳಿದ್ದು ನಮ್ಮ ಚಿಕ್ಕಪ್ಪ. ಹಿಂದಿನ ವರ್ಷ ಪ್ಯಾಕೇಜ್ ಟೂರಿನಲ್ಲಿ 11 ದಿನಕ್ಕೆ ಏಳು ದೇಶ ಮುಗಿಸಿ ಬಂದವರು. ಅವರ ಫೋನಿನಲ್ಲಿ ಜಾಸ್ತಿ ಇರುವುದು ಬಸ್ಸಿನ ಗಾಜಿನೊಳಗಿಂದ ತೆಗೆದ ಫೋಟೋಗಳು. ಜರ್ಮನಿಯ ಮ್ಯೂನಿಕ್‌ನಲ್ಲಿ ನನ್ನ ಜೊತೆ ಓದುವ ಗೆಳೆಯರದ್ದೂ ಅದೇ ರಾಗ. ಅವರನ್ನು ಬಯ್ಯುವ ಹಾಗೂ ಇರಲಿಲ್ಲ. ಅದಕ್ಕೂ ಮೊದಲು ನಾನು ಪ್ಲಾನ್ ಮಾಡಿದ ಪ್ರವಾಸದಲ್ಲಿ ಕಷ್ಟಪಟ್ಟವರು ಅವರೇ.

ಆ ಮೊದಲ ಪ್ರವಾಸದ ಕಥೆ ಹೇಳಲೇಬೇಕು. ನಾಲ್ಕು ಜನ, 12 ದಿನ, ಎಂಟು ಊರು. ಹಲವು ದೇಶಗಳ ರೈಲಿಗೆ ಒಂದೇ ಪಾಸು, ಇಂಟರ್‌ರೇಲ್, ತೆಗೆದುಕೊಂಡಿದ್ದೆವು. 27 ವರ್ಷದವರೆಗೆ ಯೂತ್ ದರ ಸಿಗುತ್ತದೆ, ಅಗ್ಗ ಅಂತ ಖುಷಿ. ಪಾಸ್ ಇದ್ದರೆ ಸಾಕು, ಹತ್ತಿ ಕೂರಬಹುದು ಅಂದುಕೊಂಡಿದ್ದೆ. ಫ್ರಾನ್ಸಿನ ವೇಗದ ರೈಲು ಟಿಜಿವಿಗೆ ಬೇರೆಯಾಗಿ ಸೀಟು ಕಾಯ್ದಿರಿಸಬೇಕು, ಅದಕ್ಕೆ ಬೇರೆ ದುಡ್ಡು, ಪಾಸಿನವರಿಗೆ ಅಂತ ಇಡುವ ಸೀಟುಗಳೂ ಕಮ್ಮಿ. ಇದೆಲ್ಲ ಗೊತ್ತಾಗಿದ್ದು ಹೊರಡುವ ಹಿಂದಿನ ರಾತ್ರಿ. ಕೊನೆಗೆ ಒಂದು ಅಗ್ಗದ ವಿಮಾನ ಹಿಡಿದೆವು. ಟಿಕೆಟ್ 19 ಯೂರೋ. ಗೇಟಿನಲ್ಲಿ ಬ್ಯಾಗು ದೊಡ್ಡದಾಯಿತು ಅಂತ ತಲೆಗೆ 50 ಚಿಲ್ಲರೆ ಕಿತ್ತರು. ಇಳಿದ ಜಾಗಕ್ಕೆ ಹೆಸರು ಮಾತ್ರ ದೊಡ್ಡ ಊರಿನದು, ಊರಿಗೆ ಹೋಗಲು ಮತ್ತೆ ಒಂದೂವರೆ ಗಂಟೆ ಬಸ್ಸು. ಎಂಟು ಊರಿನಲ್ಲಿ ನೆಟ್ಟಗೆ ನೋಡಿದ್ದು ಮೂರು. ಖರ್ಚು ಒಬ್ಬೊಬ್ಬರಿಗೆ 1,100ರ ಮೇಲೆ.

ಮನೆಗೆ ಬಂದು ಲೆಕ್ಕ ಹಾಕಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ದುಡ್ಡು ಹೋಗಿದ್ದು ಊರು ನೋಡುವುದಕ್ಕಲ್ಲ, ಊರು ಬದಲಾಯಿಸುವುದಕ್ಕೆ. ಸುಸ್ತಾಗಿದ್ದೂ ಅದರಿಂದಲೇ.

ಹಾಗಾಗಿ 2025ರ ಮೇ ತಿಂಗಳಲ್ಲಿ ಅಪ್ಪ, ಅಮ್ಮ, ತಂಗಿ ಬಂದಾಗ ಉಲ್ಟಾ ಮಾಡಿದೆ. 13 ರಾತ್ರಿ, ಮೂರೇ ಠಿಕಾಣಿ. ಮೂರೂ ಕಡೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್. ಯಾವುದೂ ಹೆಸರುವಾಸಿ ಊರಲ್ಲ, ಆದರೆ ಹೆಸರುವಾಸಿ ಊರಿನ ಪಕ್ಕದ ಸ್ಟೇಷನ್. ದಿನಾ ಬೆಳಿಗ್ಗೆ ಲೋಕಲ್ ರೈಲು, ರಾತ್ರಿ ಊಟಕ್ಕೆ ವಾಪಸ್. ಇಬ್ಬರು ಗೆಳೆಯರೂ ಸೇರಿಕೊಂಡರು, ಅನುಮಾನ ಪಡುತ್ತಲೇ. ಒಟ್ಟು ಆರು ಜನ. ಮನೆಯ ಮೂವರ ವಿಮಾನ ಮ್ಯೂನಿಕ್‌ಗೆ ಬಂದು ಮಿಲಾನ್‌ನಿಂದ ಹೋಗುವ ಹಾಗೆ ತೆಗೆಸಿದ್ದೆ. ಅವರು ತಿರುಗಿ ಮ್ಯೂನಿಕ್‌ಗೆ ಬರುವ ಒಂದು ದಿನ, ಮೂರು ಟಿಕೆಟ್ ಅಲ್ಲೇ ಉಳಿಯಿತು.

ಮೊದಲ ಠಿಕಾಣಿ ಫ್ರೈಲಾಸಿಂಗ್. ಹೆಸರು ಕೇಳಿಲ್ಲ ಅಲ್ವಾ? ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಿಂದ ಕೆಲವೇ ನಿಮಿಷ, ಆದರೆ ಗಡಿಯ ಈಚೆ, ಜರ್ಮನಿಯಲ್ಲಿ. ಸಾಲ್ಜ್‌ಬರ್ಗ್‌ನಲ್ಲಿ ಆರು ಜನರಿಗೆ ರಾತ್ರಿಗೆ 250 ಕೇಳುತ್ತಿದ್ದರು. ಇಲ್ಲಿ 120ಕ್ಕೆ ಸಿಕ್ಕಿತು. ಇನ್ನೂ ದೊಡ್ಡ ಲಾಭ ಬಯರ್ನ್ ಟಿಕೆಟ್. ಒಂದು ಟಿಕೆಟ್‌ನಲ್ಲಿ ಐದು ಜನ, ಇಡೀ ಬವೇರಿಯ ರಾಜ್ಯದ ಲೋಕಲ್ ರೈಲುಗಳು, ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ. ನೆನಪಿದ್ದಂತೆ ಆಗ ಐವರಿಗೆ ದಿನಕ್ಕೆ 75ರ ಆಸುಪಾಸು. ನನಗೆ ಹೇಗೂ ಇಡೀ ಜರ್ಮನಿಯ ಲೋಕಲ್ ರೈಲುಗಳಿಗೆ ನಡೆಯುವ, ಆಗ ತಿಂಗಳಿಗೆ 58 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಇತ್ತು. ಅದಕ್ಕೇ ಗುಂಪು ಆರು ಜನಕ್ಕೆ ನಿಂತಿದ್ದು. ಏಳನೆಯವನೊಬ್ಬ ಬರ್ತೀನಿ ಅಂದ, ಬೇಡಪ್ಪ ಅಂದೆ.

ಇಲ್ಲೇ ಮೊದಲ ಪೆಟ್ಟು. ಆ ಟಿಕೆಟ್ ವಾರದ ದಿನಗಳಲ್ಲಿ ಒಂಬತ್ತು ಗಂಟೆಯ ನಂತರ ಮಾತ್ರ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಕೀಮ್‌ಜೇ ಸರೋವರಕ್ಕೆ ಹೊರಟ ದಿನ ಎಂಟೂವರೆ ರೈಲು ಹತ್ತಿಸಿಬಿಟ್ಟೆ, ಯಾರು ನೋಡ್ತಾರೆ ಅಂತ. ನೋಡಿದರು. ದಂಡ ತಲೆಗೆ 60 ಯೂರೋ, ಐದು ತಲೆ. ಟಿಕೆಟ್ ತಪಾಸಣೆಗೆ ಬಂದಾಕೆ ಅಮ್ಮನ ಮುಖ ನೋಡಿ, ಮುಂದಿನ ಸ್ಟೇಷನ್‌ನಲ್ಲಿ ಇಳಿದು ಒಂಬತ್ತರ ನಂತರ ಹತ್ತಿ ಅಂದರು. ಟ್ರೌನ್‌ಸ್ಟೈನ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆವು. ಗೆಳೆಯ ಆ ಫೋಟೋವನ್ನು ಇನ್ನೂ ತೋರಿಸುತ್ತಾನೆ.

ಎರಡನೆಯದು ಪಾಸ್‌ಪೋರ್ಟ್. ಸಾಲ್ಜ್‌ಬರ್ಗ್‌ನಿಂದ ಜರ್ಮನಿಗೆ ಬರುವ ರೈಲನ್ನು ಫ್ರೈಲಾಸಿಂಗ್‌ನಲ್ಲಿ ಪೊಲೀಸರು ತಪಾಸಣೆ ಮಾಡುತ್ತಾರೆ. ಒಂದೇ ವೀಸಾದಲ್ಲಿ ಓಡಾಡುವ ಷೆಂಗೆನ್ ದೇಶಗಳ ಒಳಗೆ ಯಾರು ಕೇಳ್ತಾರೆ ಅಂತ ಅಮ್ಮ ಪಾಸ್‌ಪೋರ್ಟನ್ನು ಮನೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದಳು. ಫೋನಿನಲ್ಲಿದ್ದ ವೀಸಾ ಪುಟದ ಫೋಟೋ ತೋರಿಸಿ, ಮನೆ ಐದು ನಿಮಿಷದ ದಾರಿ ಅಂತ ಹೇಳಿ ಹೇಗೋ ಪಾರಾದೆವು. ಮರುದಿನದಿಂದ ಆರೂ ಪಾಸ್‌ಪೋರ್ಟು ಅಪ್ಪನ ಸೊಂಟದ ಚೀಲದಲ್ಲಿ. ಅಪ್ಪ ಅದನ್ನು ಸ್ನಾನಕ್ಕೆ ಹೋದಾಗಲೂ ಬಿಡಲಿಲ್ಲ.

ಫ್ರೈಲಾಸಿಂಗ್‌ನಿಂದ ಬೆರ್ಖ್ಟೆಸ್‌ಗಾಡನ್ ರೈಲು ಒಂದು ಗಂಟೆಯೊಳಗೆ, ಆಮೇಲೆ ಬಸ್ಸಿನಲ್ಲಿ ಕ್ಯೋನಿಗ್ಸ್‌ಜೇ ಸರೋವರ. ಅಲ್ಲಿನ ದೋಣಿಗಳು 1909ರಿಂದಲೇ ಕರೆಂಟಿನಲ್ಲಿ ಓಡುತ್ತವೆ, ಸದ್ದೇ ಇಲ್ಲ. ನಡುವೆ ದೋಣಿ ನಿಲ್ಲಿಸಿ, ದೋಣಿಯವನು ಬಂಡೆಯ ಕಡೆಗೆ ತುತ್ತೂರಿ ಊದಿದ. ಬಂಡೆ ಅದನ್ನೇ ತಿರುಗಿ ಊದಿತು. ಅಪ್ಪ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅಲ್ಲಿಂದ ಇಟಲಿಗೆ ಒಂದೇ ಉದ್ದದ ಪಯಣ. ರೋಸನ್‌ಹೈಮ್‌ವರೆಗೆ ಲೋಕಲ್, ಅಲ್ಲಿಂದ ದೇಶ ದಾಟುವ ಯೂರೋಸಿಟಿ ರೈಲು, ಇನ್ಸ್‌ಬ್ರುಕ್ ದಾಟಿ 1,370 ಮೀಟರ್ ಎತ್ತರದ ಬ್ರೆನರ್ ಕಣಿವೆ ಏರಿ ವೆರೋನಾ. ಮುಂಗಡ ತೆಗೆದಿದ್ದರಿಂದ ತಲೆಗೆ ಮೂವತ್ತು ಚಿಲ್ಲರೆ ಬಿತ್ತು. ಎಷ್ಟು ದಿನ ಮೊದಲು, ವಾರದ ಯಾವ ದಿನ ನೋಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎರಡು ವರ್ಷ ಕಣ್ಣಿಟ್ಟು ಕಲಿತದ್ದು, ಕ್ಷಮಿಸಿ.

ಎರಡನೆಯ ಠಿಕಾಣಿ ಮೆಸ್ತ್ರೆ. ವೆನಿಸ್‌ಗೆ ರೈಲಿನಲ್ಲಿ ಹತ್ತು ನಿಮಿಷ. ವೆನಿಸ್‌ಗೆ ಒಂದು ದಿನದ ಮಟ್ಟಿಗೆ ಬರುವವರು ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. 2024ರಲ್ಲಿ 5 ಯೂರೋದಿಂದ ಶುರುವಾಯಿತು, 2025ರಲ್ಲಿ ಕೊನೇ ಗಳಿಗೆಯವರಿಗೆ 10. ಮೆಸ್ತ್ರೆ ವೆನಿಸ್ ನಗರಸಭೆಗೇ ಸೇರಿದ್ದು, ಹಾಗಾಗಿ ಅಲ್ಲಿ ರಾತ್ರಿ ತಂಗುವವರಿಗೆ ಇದು ಬೇಕಿಲ್ಲ. ಆನ್‌ಲೈನ್‌ನಲ್ಲಿ ವಿನಾಯಿತಿ ಮಾಡಿಸಿಕೊಂಡರೆ ಆಯಿತು.

ಅಮ್ಮನಿಗೆ ಗೊಂಡೋಲಾ ಬೇಕೇ ಬೇಕಿತ್ತು. ಹಗಲಿನ ದರ ಅರ್ಧ ಗಂಟೆಗೆ 90 ಯೂರೋ. ನಾನು ಅಮ್ಮನನ್ನು ಸಾಂತಾ ಸೋಫಿಯಾ ಕಟ್ಟೆಗೆ ಕರೆದುಕೊಂಡು ಹೋದೆ. ಅಲ್ಲಿ ಗ್ರ್ಯಾಂಡ್ ಕೆನಾಲ್ ದಾಟಿಸುವ ಟ್ರಾಗೆತ್ತೊ ಇದೆ. ಅದೂ ಗೊಂಡೋಲಾನೇ, ತಲೆಗೆ 2 ಯೂರೋ, ಎರಡು ನಿಮಿಷ. "ಇಷ್ಟೇನಾ?" ಅಂದಳು. ಮತ್ತೆ ವಾಪಸ್ ದಾಟಿಸಿದೆ. ಮೂರನೇ ಸಲಕ್ಕೆ ಹುಟ್ಟು ಹಾಕುವವನೇ ನಗತೊಡಗಿದ.

ಪಾದುವಾದಲ್ಲಿ ಸ್ಕ್ರೊವೆನ್ಯಿ ಚಾಪೆಲ್ ನೋಡಿದೆವು, ಇಟಲಿಯ ಹಳೆಯ ಚಿತ್ರಕಾರ ಜೊತ್ತೊ ಬರೆದ ಗೋಡೆ ಚಿತ್ರಗಳು. ಮೊದಲೇ ಬುಕ್ ಮಾಡಬೇಕು. ಹದಿನೈದು ನಿಮಿಷ ಗಾಜಿನ ಕೋಣೆಯಲ್ಲಿ ಕೂರಿಸಿ ಆಮೇಲೆ ಒಳಗೆ ಬಿಡುತ್ತಾರೆ. ತಂಗಿ ಅಳುವಷ್ಟು ಮೆಚ್ಚಿದಳು. ಆ ದಿನ ಗೆಳೆಯ ಕಾಗದದ ಟಿಕೆಟಿಗೆ ಮೆಷಿನ್‌ನಲ್ಲಿ ಮುದ್ರೆ ಹೊಡೆಸುವುದನ್ನು ಮರೆತ. ದಂಡ ಎಷ್ಟು ಕಟ್ಟಿದೆವು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ನಡುವೆ ಒಂದು ಅಡ್ಡ ಮಾತು. ಈ ಲೋಕಲ್ ರೈಲಿನ ಹುಚ್ಚು ಹಿಡಿದಿದ್ದು ಲಕ್ಸೆಂಬರ್ಗ್‌ನಿಂದ. 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ಎರಡನೇ ದರ್ಜೆ ರೈಲು ಎಲ್ಲ ಪುಕ್ಕಟೆ. ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಟ್ರಿಯರ್ ಮೂಲಕ ಗಡಿವರೆಗೆ ಹೋಗಿ, ಅಲ್ಲಿಂದ ಪುಕ್ಕಟೆ ದೇಶಕ್ಕೆ ಸೇರಿಕೊಳ್ಳಬಹುದು. ಒಂದು ಶನಿವಾರ ಸುಮ್ನೆ ಎಷ್ಟು ವಾಹನ ಹತ್ತಬಹುದು ನೋಡೋಣ ಅಂತ ಹೋದೆವು. ಫಾಫೆಂಟಾಲ್‌ನ ಹಗ್ಗದ ರೈಲು, ಗಾಜಿನ ಲಿಫ್ಟು ಎಲ್ಲ ಸೇರಿ ಹದಿನೇಳೋ ಹದಿನೆಂಟೋ ಆಯಿತು. ಹೆಚ್ಚಿಗೆ ಖರ್ಚಾಗಿದ್ದು ಎರಡು ಕಾಫಿ ಮಾತ್ರ.

ಮೂರನೆಯ ಠಿಕಾಣಿಯೇ ನನ್ನ ಹೆಮ್ಮೆ. ತಿರಾನೊ. ಮಿಲಾನ್‌ನಿಂದ ಲೋಕಲ್ ರೈಲಿನಲ್ಲಿ ಕೋಮೊ ಸರೋವರದ ದಂಡೆ ಹಿಡಿದು ಎರಡೂವರೆ ಗಂಟೆ. ಇಲ್ಲಿಂದ ಬೆಟ್ಟ ಏರಿ ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಜ್‌ಗೆ ಹೋಗುವ ಬೆರ್ನಿನಾ ಹಳಿ ಎಲ್ಲರಿಗೂ ಗೊತ್ತು. ದೊಡ್ಡ ಗಾಜಿನ ಬೆರ್ನಿನಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮೇಲೆ ಸೀಟಿನ ದುಡ್ಡು ಬೇರೆ. ಅದೇ ಹಳಿಯಲ್ಲಿ ಕೆಂಪು ಲೋಕಲ್ ರೈಲೂ ಓಡುತ್ತದೆ, ಸೀಟು ಕಾಯ್ದಿರಿಸುವ ಗೋಜಿಲ್ಲ. ನಾವು ಹತ್ತಿದ ಡಬ್ಬಿಯ ಕಿಟಕಿ ಕೆಳಗಿಳಿಸಬಹುದಿತ್ತು. ಗಾಜಿನ ಪ್ರತಿಬಿಂಬವಿಲ್ಲದ ಫೋಟೋ! ಬ್ರೂಸಿಯೊದಲ್ಲಿ ರೈಲು ಕಮಾನು ಸೇತುವೆಯ ಕೆಳಗೆ ನುಸುಳಿ, ಸುತ್ತು ಹೊಡೆದು ಅದೇ ಸೇತುವೆಯ ಮೇಲೆ ಏರುತ್ತದೆ. 2,253 ಮೀಟರ್ ಎತ್ತರದ ಓಸ್ಪಿತ್ಸಿಯೊ ಬೆರ್ನಿನಾದಲ್ಲಿ ಮೇ ತಿಂಗಳಲ್ಲೂ ಹಿಮ. ಯಾವ ಕಡೆ ಕೂರಬೇಕು ಅಂತ ಕೇಳಬೇಡಿ, ಆ ಕಡೆಯ ಸೀಟು ನನಗೆ ಮುಂದೆಯೂ ಬೇಕು. ಹೋಗುವ ಟಿಕೆಟ್‌ಗೆ ಮಾತ್ರ ಮೂವತ್ತು ಚಿಲ್ಲರೆ ಸ್ವಿಸ್ ಫ್ರಾಂಕ್.

ಒಟ್ಟು ಖರ್ಚು, ವಿಮಾನ ಮತ್ತು ವೀಸಾ ಬಿಟ್ಟು, ತಲೆಗೆ 900 ಯೂರೋ ಒಳಗೆ. ಅದರಲ್ಲಿ ಮನೆಗಳಿಗೆ 300, ಊಟ ತಿಂಡಿಗೆ 200, ಉಳಿದದ್ದು ರೈಲು, ದೋಣಿ, ಟಿಕೆಟ್ಟು, ದಂಡ. ಚಿಕ್ಕಪ್ಪನ ಪ್ಯಾಕೇಜು ಇದರ ಎರಡೂವರೆ ಪಟ್ಟು. ಅಮ್ಮ ಮೂರನೇ ದಿನ ವಾಪಸ್ ಹೋಗೋಣ ಅನ್ನಲಿಲ್ಲ. ಹತ್ತನೇ ದಿನ ಮಾತ್ರ ಬಟ್ಟೆ ಒಗೆಯಲು ಒಂದು ದಿನ ಬೇಕು ಅಂದಳು. ಕೊಟ್ಟೆವು. ಆ ದಿನ ಯಾರೂ ಎಲ್ಲಿಗೂ ಹೋಗಲಿಲ್ಲ.

ಕಳೆದ ತಿಂಗಳು ಚಿಕ್ಕಪ್ಪ ಫೋನ್ ಮಾಡಿದ್ದರು. ಚಿಕ್ಕಮ್ಮನ ಜೊತೆ ಮತ್ತೆ ಬರಬೇಕಂತೆ, ನನ್ನ ಎಕ್ಸೆಲ್ ಶೀಟು ಬೇಕಂತೆ. ಕಳಿಸಿದೆ, ಎರಡು ಸಾಲು ಅಳಿಸಿ.