15 ದಿನ ದಾಟಿದ ಕಾಮಾಲೆ: ಕೂಸಿನ ಮಲದ ಬಣ್ಣ ನೋಡುವುದು ಹೇಗೆ, ಮುಂದೇನು

ಹುಟ್ಟಿದ ಕೂಸಿನ ಕಣ್ಣು, ಮೈ ಮೊದಲ ವಾರ ಹಳದಿಯಾಗುವುದು ಸಾಮಾನ್ಯ. ತಿಂಗಳು ತುಂಬಿ ಹುಟ್ಟಿದ್ದರೆ 14 ದಿನದೊಳಗೆ, ಮೊದಲೇ ಹುಟ್ಟಿದ್ದರೆ 21 ದಿನದೊಳಗೆ ಅದು ಇಳಿಯಬೇಕು. ಇಳಿಯದಿದ್ದರೂ ಹೆಚ್ಚಿನ ಕೂಸುಗಳಲ್ಲಿ ಅದು ಎದೆಹಾಲಿನ ಕಾಮಾಲೆ, ತೊಂದರೆಯಿಲ್ಲದ್ದು. ಆದರೆ ಸುಮಾರು 10–15 ಸಾವಿರಕ್ಕೊಂದು ಕೂಸಿನಲ್ಲಿ ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳವೇ ಮುಚ್ಚಿಹೋಗಿರುತ್ತದೆ. ಇದಕ್ಕೆ ಬಿಲಿಯರಿ ಅಟ್ರೀಷಿಯಾ ಎನ್ನುತ್ತಾರೆ. ಹೊರಬರಲಾರದ ಪಿತ್ತ ಲಿವರನ್ನೇ ಕೆಡಿಸುತ್ತದೆ. ಈ ಕಾಯಿಲೆಯ ಕೂಸು ಮೊದಲ ತಿಂಗಳು ಚೆನ್ನಾಗಿ ಹಾಲು ಕುಡಿದು ದುಂಡಗೇ ಇರುತ್ತದೆ. ಮನೆಯವರು ಮೋಸ ಹೋಗುವುದು ಅಲ್ಲೇ.

ಮಲ ನೋಡುವ ಕ್ರಮ ಹೀಗಿದೆ. ಕೌದಿಯ ಮೇಲೆ ಬಣ್ಣ ತಿಳಿಯದು. ಹಳೆಯ ಬಿಳಿ ಧೋತರದ ತುಂಡು ಹಾಸಿ. ಹಗಲು ಬೆಳಕಿನಲ್ಲಿ ನೋಡಿ, ಬಲ್ಬಿನ ಹಳದಿ ಬೆಳಕು ಸುಳ್ಳು ಹೇಳುತ್ತದೆ. ಸಾಸಿವೆ ಹಳದಿ, ಹಸಿರು, ಕಂದು ಇದ್ದರೆ ಪಿತ್ತ ಇಳಿಯುತ್ತಿದೆ. ಕಲಸಿದ ಜೋಳದ ಹಿಟ್ಟು, ವಿಭೂತಿ, ಸುಣ್ಣದ ಬಣ್ಣವಿದ್ದರೆ ಇಳಿಯುತ್ತಿಲ್ಲ. ಮೇಲ್ಪದರ ಮಾತ್ರ ತುಸು ಹಳದಿಯಿರಬಹುದು, ಅದು ಮೂತ್ರ ತಾಗಿ ಬಂದ ಬಣ್ಣವೂ ಆಗಿರಬಹುದು. ಕಡ್ಡಿಯಿಂದ ಒಡೆದು ಒಳಗೆ ನೋಡಿ. ಮೂತ್ರವನ್ನೂ ಗಮನಿಸಿ: ಎಳೆಗೂಸಿನ ಮೂತ್ರ ನೀರಿನಂತಿರಬೇಕು, ಬಟ್ಟೆಗೆ ಹಳದಿ ಕಲೆ ಕೂರಬಾರದು. ಮಲದ ಬಣ್ಣ ದಿನದಿಂದ ದಿನಕ್ಕೆ ಬದಲಾಗಬಹುದು, ಮೊದಮೊದಲು ಹಳದಿಯಿದ್ದು ಆಮೇಲೆ ಬಿಳಿಚಿಕೊಳ್ಳಲೂಬಹುದು. ಹಾಗಾಗಿ ದಿನಾಂಕ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮಾತಿಗಿಂತ ಫೋಟೊ ಡಾಕ್ಟರಿಗೆ ಬೇಗ ಅರ್ಥವಾಗುತ್ತದೆ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ. 14 ಮತ್ತು 21ರ ಭೇಟಿಯಲ್ಲಿ ಆ ಬಟ್ಟೆಯನ್ನೇ ತೋರಿಸಿ. ನಮ್ಮ ರಾಯಚೂರು–ಕೊಪ್ಪಳದ ಕಡೆ ತೊಡಕಾಗುವುದು ತವರುಮನೆಯ ಬಾಣಂತನದಿಂದ: ಹೆಸರು ಸಿಂಧನೂರಿನ ಪಟ್ಟಿಯಲ್ಲಿ, ಕೂಸು ಗಂಗಾವತಿಯಲ್ಲಿ. ತವರಿನ ಊರಿನ ಆಶಾಗೆ ನೀವೇ ಹೇಳಿಕಳಿಸಿ, ತಾಯಿ ಕಾರ್ಡ್ ಜೊತೆಗಿರಲಿ.

15ನೇ ದಿನವೂ ಹಳದಿಯಿದ್ದರೆ ಕೇಳಬೇಕಾದ ಪರೀಕ್ಷೆ ಒಂದೇ: ರಕ್ತದಲ್ಲಿ ಬಿಲಿರುಬಿನ್ (ಮೈ ಹಳದಿ ಮಾಡುವ ಬಣ್ಣದ ಅಂಶ) ಎಷ್ಟಿದೆ ಎಂಬುದು. ಟೋಟಲ್ (ಒಟ್ಟು) ಜೊತೆಗೆ ಡೈರೆಕ್ಟ್ (ಲಿವರ್ ಸಂಸ್ಕರಿಸಿ ಪಿತ್ತಕ್ಕೆ ಬಿಡುವ ಭಾಗ) ಕೂಡ ಬೇಕು. ಟೋಟಲ್ ಒಂದನ್ನೇ ಮಾಡಿಸಿ "ಸ್ವಲ್ಪ ಜಾಸ್ತಿ ಇದೆ, ಬಿಸಿಲಿಗೆ ಹಿಡಿಯಿರಿ" ಎಂದು ಕಳಿಸಿದರೆ ಒಪ್ಪಬೇಡಿ. ಡೈರೆಕ್ಟ್ 1 ಮಿಲಿಗ್ರಾಂ ದಾಟಿದರೆ ತಕ್ಷಣ ಮಕ್ಕಳ ತಜ್ಞರ ಬಳಿ ಹೋಗಬೇಕು. ಈ ಬಗೆಯ ಕಾಮಾಲೆಗೆ ಬಿಸಿಲು, ನೀಲಿ ದೀಪ ಎರಡೂ ಕೆಲಸ ಮಾಡವು. ಆದರೆ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಬೆಳಕಿಗೆ ಬಿಲಿರುಬಿನ್ ಒಡೆಯುತ್ತದೆ. ಮಾದರಿ ಟ್ಯೂಬನ್ನು ಬೇರೆ ಊರಿಗೆ ಕಳಿಸುವುದಿದ್ದರೆ ಕಪ್ಪು ಕಾಗದ ಸುತ್ತಿ ತಣ್ಣಗಿಡಬೇಕು, ಇಲ್ಲದಿದ್ದರೆ ಅಂಕಿ ಕಡಿಮೆ ಬರುತ್ತದೆ. ಬರೆ ಹಾಕಿಸುವುದು, ಸೊಪ್ಪಿನ ರಸ ಕುಡಿಸುವುದು ಖಂಡಿತ ಬೇಡ: ನಂಜಾಗುವ ಭಯವಿದೆ, ದಿನಗಳೂ ಹೋಗುತ್ತವೆ. ಎದೆಹಾಲು ಮಾತ್ರ ನಿಲ್ಲಿಸಬೇಡಿ.

ಬಳ್ಳಾರಿಯವರು ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಹೊಟ್ಟೆಯ ಸ್ಕ್ಯಾನಿಂಗಿಗೆ ಕೂಸು ಸುಮಾರು 4 ತಾಸು ಹಾಲು ಕುಡಿದಿರಬಾರದು. ಕುಡಿದಿದ್ದರೆ ಪಿತ್ತಕೋಶ ಕುಗ್ಗಿ, ಇದ್ದೂ ಇಲ್ಲದಂತೆ ಕಾಣುತ್ತದೆ. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶ ಕಂಡಿತೆಂದು ಕಾಯಿಲೆ ಇಲ್ಲವೆನ್ನಲಾಗದು. ನಾಳ ಚೀಲದಂತೆ ಉಬ್ಬಿದ್ದು ಕಂಡರೆ ಅದು ಕೋಲೆಡೋಕಲ್ ಸಿಸ್ಟ್. ಚೀಲ ತೆಗೆದು ಲಿವರಿನ ನಾಳಕ್ಕೆ ಕರುಳು ಜೋಡಿಸುತ್ತಾರೆ, ಫಲಿತಾಂಶ ಸಾಮಾನ್ಯವಾಗಿ ಒಳ್ಳೆಯದು. ಪಿತ್ತ ಕರುಳಿಗೆ ಇಳಿಯುತ್ತಿದೆಯೇ ಎಂದು ನೋಡುವ ಹೈಡಾ ಸ್ಕ್ಯಾನಿಗೆ ಮುಂಚೆ 5 ದಿನ ಔಷಧ ಕೊಡುವ ರೂಢಿಯಿದೆ. ಕೂಸಿಗೆ ಆಗಲೇ 7–8 ವಾರವಾಗಿದ್ದರೆ ಆ 5 ದಿನ ಕಾಯಬೇಕೇ ಎಂದು ಸರ್ಜನ್‌ರನ್ನು ಕೇಳಿ.

ಆಪರೇಷನ್ನಿಗೆಂದು ಊರು ಬಿಡುವ ಮುನ್ನ ವಿಟಮಿನ್ ಕೆ ಇಂಜೆಕ್ಷನ್ ಬಗ್ಗೆ ಕೇಳಲೇಬೇಕು. ಪಿತ್ತವಿಲ್ಲದೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟದೆ ಮೆದುಳಿನಲ್ಲೇ ಸೋರಬಹುದು. ಹೊಕ್ಕುಳಲ್ಲಿ ರಕ್ತ ಜಿನುಗಿದರೆ, ನೆತ್ತಿ ಉಬ್ಬಿದರೆ, ಕೂಸು ಮಂಕಾದರೆ ಅದು ತುರ್ತು.

ಬಿಲಿಯರಿ ಅಟ್ರೀಷಿಯಾದ ಆಪರೇಷನ್ನಿಗೆ ಕಸಾಯಿ ಎಂಬ ಹೆಸರಿದೆ. ಹೆಸರು ಕೇಳಿ ಬೆಚ್ಚಬೇಡಿ, 1950ರ ದಶಕದಲ್ಲಿ ಇದನ್ನು ರೂಪಿಸಿದ ಜಪಾನಿನ ಸರ್ಜನ್ ಮೊರಿಯೊ ಕಸಾಯಿ ಅವರ ಹೆಸರದು. ಗಾಯಗಟ್ಟಿದ ನಾಳವನ್ನು ಲಿವರಿನ ಬಾಗಿಲವರೆಗೂ ತೆಗೆದು, ಅಲ್ಲಿಗೆ ಸಣ್ಣ ಕರುಳನ್ನು ಹೊಲಿಯುತ್ತಾರೆ. 60 ದಿನದೊಳಗೆ ಆದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು, 90 ದಾಟಿದರೆ ಬಹಳ ಇಳಿಯುತ್ತದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಂಥ, ಮಕ್ಕಳ ಸರ್ಜರಿ ವಿಭಾಗವಿರುವ ಕಡೆಗೇ ಹೋಗಿ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ಆಪರೇಷನ್ ಆದ ಮೇಲೂ ಬಿಳಿ ಬಟ್ಟೆ ಬಿಡಬೇಡಿ. ಮಲಕ್ಕೆ ಬಣ್ಣ ಬಂದು, 3 ತಿಂಗಳೊಳಗೆ ಟೋಟಲ್ ಬಿಲಿರುಬಿನ್ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಒಳ್ಳೆಯ ಲಕ್ಷಣ. ಇಳಿಯದಿದ್ದರೆ ಲಿವರ್ ಕಸಿಯ ಮಾತು ಬರುತ್ತದೆ. ಪಿತ್ತ ಹರಿದ ಮಕ್ಕಳಲ್ಲೂ ಹಲವರಿಗೆ ಮುಂದೆ ಅದು ಬೇಕಾಗುತ್ತದೆ. ಜ್ವರ ಬಂದು ಮಲ ಮತ್ತೆ ಬಿಳಿಚಿಕೊಂಡರೆ ಪಿತ್ತನಾಳಕ್ಕೆ ಸೋಂಕು ತಗುಲಿರಬಹುದು. ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡದೆ, ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿ.