ಹೊಸ ಸಾಮಾನು ಹಾಕಿಸಿದ ಮೇಲೆ ಗಾಡಿ ಕೈ ಕೊಟ್ಟಿತು: ಕಾರಣ ಹುಡುಕಿದ ನನ್ನ ಅನುಭವ

ನನ್ನದು 2013ರ ಬೈಕು. 350 ಸಿಸಿ, ಒಂದೇ ಸಿಲಿಂಡರ್, ಗಾಳಿ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವಂಥದ್ದು. ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆ ಮೂರು ನಾಲ್ಕು ಸಲ ಹೋಗುತ್ತೇನೆ. ಆಗುಂಬೆ ಘಾಟಿ ಇಳಿಯೋದು, ಮರುದಿನ ಅದೇ ಘಾಟಿ ಹತ್ತೋದು. ಇಷ್ಟು ವರ್ಷದಲ್ಲಿ ಆ ಹದಿನಾಲ್ಕು ತಿರುವುಗಳಲ್ಲಿ ಒಂದು ದಿನವೂ ಗಾಡಿ ನನ್ನನ್ನು ನಿಲ್ಲಿಸಿದ್ದಿಲ್ಲ.

ಅಂಥ ಗಾಡಿಗೆ ಶೋರೂಮಲ್ಲೇ ಮೂರು ಹೊಸ ಸಾಮಾನು ಹಾಕಿಸಿದೆ. ಗಾಳಿ ಜಾಸ್ತಿ ಬಿಡುವ ಏರ್ ಫಿಲ್ಟರ್, ಫ್ರೀ ಫ್ಲೋ ಸೈಲೆನ್ಸರ್, ಇರಿಡಿಯಮ್ ಸ್ಪಾರ್ಕ್ ಪ್ಲಗ್. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಬದಲಾಯಿಸಬೇಕಾ ಅಂತ ಕೇಳಿದ್ದೆ. "ಬೇಡ ಸರ್, ಹಾಗೇ ನಡೆಯುತ್ತೆ" ಅಂದರು. ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿ ಮತ್ತೆ ಕೂರಿಸಿದರು. ಬಿಲ್ ಕಟ್ಟಿ ಖುಷಿಯಲ್ಲಿ ಮನೆಗೆ ಬಂದೆ.

ಮೊದಲ ಘಾಟಿಯಲ್ಲೇ ಗೊತ್ತಾಯಿತು. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಸೈಲೆನ್ಸರ್ ಒಳಗೆ ಪಟ್ ಪಟ್ ಅಂತ ಸಿಡಿಯೋದು. ವಾಪಸ್ ಹತ್ತುವಾಗ ಇನ್ನೂ ಕಷ್ಟ. ಅರ್ಧ ಆಕ್ಸಿಲರೇಟರ್ ಕೊಟ್ಟರೆ ಒಂದು ಕ್ಷಣ ಗಾಡಿ ಉಸಿರು ಕಟ್ಟಿದ ಹಾಗೆ ಸುಮ್ಮನಾಗಿ, ಆಮೇಲೆ ಜಗ್ಗಿ ಎಳೆಯೋದು. ಎಂಜಿನ್ ಬಿಸಿ ಏರಿದ ಮೇಲೆ ಒಂದು ತಿರುವಲ್ಲಿ ಸೆಕೆಂಡ್ ಗೇರಲ್ಲೇ ಆಫ್ ಆಗಿಬಿಟ್ಟಿತು. ಹಿಂದೆ ಬಸ್ಸು. ಹೆಂಡತಿಯನ್ನು ಇಳಿಸಿ, ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಹತ್ತು ನಿಮಿಷ ಕಾದು ಕಿಕ್ ಹೊಡೆದೆ.

ಶೋರೂಮಿಗೆ ಹೋದೆ. "ಸ್ವಲ್ಪ ಓಡಿಸಿ, ಸೆಟ್ ಆಗುತ್ತೆ" ಅಂದರು. ಇದನ್ನು ನೇರವಾಗಿ ಹೇಳಿಬಿಡುತ್ತೇನೆ: ಗಾಳಿ ಪೆಟ್ರೋಲಿನ ಲೆಕ್ಕ ತಪ್ಪಿದರೆ ಓಡಿಸಿದ್ದರಿಂದ ಅದು ಸರಿಹೋಗುವುದಿಲ್ಲ. ಕಾರ್ಬುರೇಟರಿಗೆ ತನ್ನಷ್ಟಕ್ಕೆ ಕಲಿಯೋಕೆ ಬರೋದಿಲ್ಲ. ಫಿಲ್ಟರಿನಿಂದ ಗಾಳಿ ಜಾಸ್ತಿ ಬಂದು, ಸೈಲೆನ್ಸರಿನಿಂದ ಹೊಗೆ ಸಲೀಸಾಗಿ ಹೋದರೆ ಪೆಟ್ರೋಲನ್ನೂ ಜಾಸ್ತಿ ಮಾಡಲೇಬೇಕು. ಇಲ್ಲದಿದ್ದರೆ ಮಿಶ್ರಣ ತೆಳುವಾಗುತ್ತೆ, ಪಿಕಪ್ ಬೀಳುತ್ತೆ, ಎಂಜಿನ್ ಕಾಯುತ್ತೆ. ತುಂಬಾ ದಿನ ಹಾಗೇ ಓಡಿಸಿದರೆ ವಾಲ್ವ್, ಪಿಸ್ಟನ್ನಿಗೇ ಪೆಟ್ಟು.

ಎರಡನೇ ಸಲ ಹೋದಾಗ 110 ಇದ್ದ ಮೇನ್ ಜೆಟ್ ತೆಗೆದು ಒಮ್ಮೆಲೇ 130 ಹಾಕಿದರು. ಈ ಸಂಖ್ಯೆ ದೊಡ್ಡದಾದಷ್ಟೂ ಜೆಟ್ಟಿನ ತೂತು ದೊಡ್ಡದು. ಈಗ ಹೊಸ ಕಾಯಿಲೆ ಶುರುವಾಯಿತು. 35 ಕೊಡುತ್ತಿದ್ದ ಮೈಲೇಜ್ 26ಕ್ಕೆ ಇಳಿಯಿತು. ಪ್ಲಗ್ ಬಿಚ್ಚಿದರೆ ಒಲೆಯ ಮಸಿ ಬಳಿದ ಹಾಗೆ ಕಪ್ಪು. ಆದರೆ ಹಳೆಯ ಕಾಯಿಲೆಯೂ ಹೋಗಿರಲಿಲ್ಲ! ಪಟ್ ಪಟ್ ಹಾಗೇ ಇತ್ತು. ಸಿಗ್ನಲ್ಲಿನಲ್ಲಿ ನಿಂತರೆ ಆರ್‌ಪಿಎಂ ಕೆಳಗೆ ಬರೋಕೆ ಮೂರು ನಾಲ್ಕು ಸೆಕೆಂಡ್ ತೆಗೆದುಕೊಳ್ಳೋದು, ಒಮ್ಮೊಮ್ಮೆ ತಾನಾಗಿ ಏರೋದು.

ನನ್ನ ತಲೆ ಕೆಡಿಸಿದ್ದು ಇದೇ. ಪ್ಲಗ್ ನೋಡಿದರೆ ಪೆಟ್ರೋಲ್ ಜಾಸ್ತಿ. ನಿಂತಲ್ಲೇ ಓಡುವಾಗಿನ ಐಡ್ಲಿಂಗ್ ನೋಡಿದರೆ ಪೆಟ್ರೋಲ್ ಸಾಲದು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತೆ?

ಅಲ್ಲಿಗೆ ಶೋರೂಮ್ ಅಲೆದಾಟ ಬಿಟ್ಟೆ. ನಮ್ಮೂರಲ್ಲಿ ನಲವತ್ತು ವರ್ಷದಿಂದ ಗ್ಯಾರೇಜ್ ಇಟ್ಟಿರುವ ಹಿರಿಯರೊಬ್ಬರಿದ್ದಾರೆ, ಅವರ ಹತ್ತಿರ ಕೂತು ಕಥೆ ಪೂರ್ತಿ ಹೇಳಿದೆ. ಅವರು ಗಾಡಿ ಮುಟ್ಟಲೇ ಇಲ್ಲ. "ಅಲ್ಲ ಮಾರಾಯ್ರೇ, ಗಾಡಿ ಚೆನ್ನಾಗಿತ್ತು. ಅವರು ಏನೇನು ಬಿಚ್ಚಿದ್ರು ಅಂತ ಹೇಳಿ. ಬಿಚ್ಚದೇ ಇರೋ ಜಾಗದಲ್ಲಿ ಯಾಕೆ ಹುಡುಕ್ತೀರಿ?" ಅಂದರು. ಆ ಮಾತು ಹಿಡಿದುಕೊಂಡೇ ಉಳಿದದ್ದೆಲ್ಲ ಮಾಡಿದೆ. ಎಂಜಿನ್ನಿನ ಒಳಗೆ ಏನೋ ಹೋಗಿದೆ, ಸಿಲಿಂಡರಿನ ಮೇಲಿನ ಹೆಡ್ ಇಳಿಸಬೇಕು ಅಂತೆಲ್ಲ ನಾನು ಹೆದರಿಕೊಂಡಿದ್ದೆ. ಹೆಡ್ಡನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಿಲ್ ಎದುರಿಗಿಟ್ಟುಕೊಂಡು ಕೂತೆ. ಕೆಲಸ ನಡೆದ ಜಾಗ ಒಂದೊಂದೇ ನೋಡುತ್ತಾ ಹೋದೆ. ಪ್ಲಗ್ ಕ್ಯಾಪ್ ಪೂರ್ತಿ ಒಳಗೆ ಕೂತಿದೆಯಾ? ಕೂತಿತ್ತು. ಬ್ಯಾಟರಿ ಟರ್ಮಿನಲ್ ಬಿಗಿ ಇದೆಯಾ? ಇತ್ತು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿಲ್ಲ ತಾನೇ? ಇದನ್ನು ನೋಡೋದು ಸುಲಭ. ಗಾಡಿ ಹದಿನೈದು ಇಪ್ಪತ್ತು ನಿಮಿಷ ಓಡಿ ಆಫ್ ಆದ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆಯಿರಿ, ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಆಮೇಲೆ ಸ್ಟಾರ್ಟ್ ಆದರೆ ದೋಷ ಅಲ್ಲಿದೆ. ನನ್ನದರಲ್ಲಿ ಉಸ್ ಇರಲಿಲ್ಲ. ಸೈಲೆನ್ಸರ್ ಪೈಪು ಹೆಡ್ಡಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಕಂಡಿತು, ಸಣ್ಣದು, ಬೆರಳಿಗೆ ಹತ್ತುವಷ್ಟು. ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿದ್ದರು. ಆಕ್ಸಿಲರೇಟರ್ ಬಿಟ್ಟಾಗ ಅಲ್ಲಿಂದ ಹೊರಗಿನ ಗಾಳಿ ಒಳಗೆ ಹೋಗಿ, ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲಿ ಉರಿಯುತ್ತೆ, ಅದೇ ಪಟ್ ಪಟ್. ಹೊಸ ಗ್ಯಾಸ್ಕೆಟ್ ಹಾಕಿದೆ, ಸಿಡಿತ ಸುಮಾರು ಅರ್ಧ ಕಡಿಮೆಯಾಯಿತು.

ನಿಜವಾದ ಕಳ್ಳ ಸಿಕ್ಕಿದ್ದು ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರಿನಲ್ಲಿ. ಮೇಲಿಂದ ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತೆ. ಮೊಬೈಲ್ ಟಾರ್ಚ್ ಹಾಕಿ ಕೆಳಗಿನಿಂದ ನೋಡಿದೆ. ರಬ್ಬರಿನ ಅಂಚು ಒಂದು ಕಡೆ ಮಡಚಿಕೊಂಡಿತ್ತು, ಕ್ಲಾಂಪ್ ಆ ಮಡಿಕೆಯ ಮೇಲೇ ಓರೆಯಾಗಿ ಕೂತಿತ್ತು. ಒಂದು ಕಾಗದದ ತುದಿ ತೂರುವಷ್ಟು ಸಂದು. ಖಚಿತ ಮಾಡಿಕೊಳ್ಳೋಕೆ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಆ ಜಾಗಕ್ಕೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಒಂದೇ ಒಂದು ಚಿಟಿಕೆ ಹೊಡೆದೆ. ಐಡ್ಲಿಂಗ್ ಸದ್ದು ತಕ್ಷಣ ಬದಲಾಯಿತು, ಅಂದರೆ ಎಂಜಿನ್ ಆ ಸಂದಿನಿಂದ ಎಳೆದುಕೊಳ್ಳುತ್ತಿದೆ ಅಂತಲೇ ಅರ್ಥ. (ಬಿಸಿ ಎಂಜಿನ್ ಮೇಲೆ ಇದನ್ನು ಮಾಡಲೇಬೇಡಿ, ಬೆಂಕಿ ಹತ್ತುತ್ತೆ.)

ಆಗ ಆ ಒಗಟು ಬಿಚ್ಚಿಕೊಂಡಿತು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಹಾಗಾಗಿ ಸಂದಿನಿಂದ ನುಗ್ಗುವ ಕಳ್ಳಗಾಳಿ ಅಲ್ಲಿ ದೊಡ್ಡ ಪಾಲು. ಪೂರ್ತಿ ಕೊಟ್ಟಾಗ ಅದು ಲೆಕ್ಕಕ್ಕೇ ಇಲ್ಲ. ಮೇನ್ ಜೆಟ್ ಕೆಲಸ ಮಾಡೋದು ಮುಕ್ಕಾಲಿನಿಂದ ಪೂರ್ತಿ ಆಕ್ಸಿಲರೇಟರ್ ನಡುವೆ. ಶೋರೂಮಿನವರು ಕೆಳಗಿನ ರೋಗಕ್ಕೆ ಮೇಲಿನ ಜಾಗದಲ್ಲಿ ಔಷಧಿ ಕೊಟ್ಟಿದ್ದರು. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಸಾಲದೇ ಉಳಿಯಿತು, ಮೇಲೆ ಹೋದರೆ ಉಕ್ಕಿ ಹರಿಯಿತು.

ಹೊಸ ರಬ್ಬರ್, ಹೊಸ ಕ್ಲಾಂಪ್ ಹಾಕಿದೆ. ಆರ್‌ಪಿಎಂ ತಾನಾಗಿ ಏರೋದು ನಿಂತಿತು. ಎಂಜಿನ್ ಆಯಿಲ್ ಮುಚ್ಚಳ ತೆಗೆದು ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತಿತ್ತು. 130 ಜೆಟ್ಟಿನಲ್ಲಿ ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದಿತ್ತು. ಅಂಥ ಆಯಿಲ್ ತೆಳುವಾಗಿ ಬೇರಿಂಗಿಗೆ ಆಸರೆ ಕೊಡೋದಿಲ್ಲ, ಹಾಗಾಗಿ ದಿನ ಆಗಿರದಿದ್ದರೂ ಆಯಿಲ್ ಬದಲಾಯಿಸಿದೆ.

ಇನ್ನು ಜೆಟ್ ಕೆಲಸ. ಇದು ನಿಧಾನದ ಕೆಲಸ, ಆದರೆ ನನಗೆ ತುಂಬಾ ಇಷ್ಟವಾಯಿತು. ಹ್ಯಾಂಡಲ್ ಹಿಡಿಕೆಗೆ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದೆ, ಸ್ವಿಚ್ ಬಾಕ್ಸ್ ಮೇಲೂ ಒಂದು ಗೆರೆ. ಗಾಡಿ ಎಲ್ಲಿ ತಡವರಿಸುತ್ತೆ ಅಂತ ಈಗ ಅಂದಾಜಿನ ಮಾತಿಲ್ಲ, ಗೆರೆ ನೋಡಿದರೆ ಸಾಕು. ಮೊದಲ ಎಂಟನೇ ಒಂದು ಭಾಗ ಪೈಲಟ್ ಜೆಟ್ ಮತ್ತು ಅದರ ಸ್ಕ್ರೂವಿನದ್ದು. ಕಾಲಿನಿಂದ ಮುಕ್ಕಾಲಿನವರೆಗೆ ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಆಡುತ್ತಾ ಪೆಟ್ರೋಲ್ ಅಳೆದು ಬಿಡುವ ಸೂಜಿಯದ್ದು. ಅದರಾಚೆ ಮೇನ್ ಜೆಟ್. ನನ್ನ ಗಾಡಿ ಅರ್ಧದಲ್ಲಿ ಉಸಿರು ಕಟ್ಟುತ್ತಿತ್ತು, ಅಂದರೆ ಸೂಜಿಯ ಕೆಲಸ. ಸೂಜಿಯ ತಲೆಯ ಕೆಳಗೆ ಒಂದು ತೆಳು ವಾಷರ್ ಇಟ್ಟು ಸ್ವಲ್ಪ ಎತ್ತಿದೆ. ಅಷ್ಟಕ್ಕೇ ಆ ತಡವರಿಕೆ ಮಾಯ.

ಸ್ಕ್ರೂ ವಿಷಯದಲ್ಲಿ ಒಂದು ಎಚ್ಚರಿಕೆ. ಎಂಜಿನ್ ಕಡೆಗಿರುವ ಸ್ಕ್ರೂ ಪೆಟ್ರೋಲಿನದ್ದು, ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದ್ದು, ಹೊರಗೆ ತಿರುಗಿಸಿದರೆ ಮಿಶ್ರಣ ತೆಳು. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ ಗಾಡಿ ಇನ್ನೂ ಕೆಡಿಸಿಕೊಳ್ಳುತ್ತಾರೆ. ತಿರುಗಿಸುವ ಮುಂಚೆ ಪೂರ್ತಿ ಒಳಗೆ ಮೆತ್ತಗೆ ಹೋಗಲು ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಕೆಟ್ಟರೆ ವಾಪಸ್ ಬರೋಕೆ ದಾರಿ ಬೇಕಲ್ವಾ.

ಮೇನ್ ಜೆಟ್ 130 ತೆಗೆದು 115 ಹಾಕಿದೆ, ಆಮೇಲೆ 120. ಪ್ರತಿ ಸಲವೂ ಹೊಸ ಪ್ಲಗ್. ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಮುಕ್ಕಾಲು ಗೆರೆ ದಾಟಿಸಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡೋದು. 115ರಲ್ಲಿ ಪ್ಲಗ್ಗಿನ ಪಿಂಗಾಣಿ ಸುಣ್ಣದ ಹಾಗೆ ಬಿಳಿ, ಅಂದರೆ ಪೆಟ್ರೋಲ್ ಇನ್ನೂ ಸಾಲದು. 120ರಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಅದೇ ಬೇಕಾಗಿದ್ದದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ, ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಶೋರೂಮಲ್ಲಿ ಮೂರು ಸಾಮಾನು ಒಂದೇ ದಿನ ಹಾಕಿಸಿದ್ದರಿಂದಲೇ ಯಾವುದು ಯಾವ ತೊಂದರೆ ತಂದಿತು ಅಂತ ಗೊತ್ತಾಗದೆ ಎರಡು ತಿಂಗಳು ಒದ್ದಾಡಿದ್ದು.

ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಈ ಪೆಟ್ರೋಲ್ ಸಹಜವಾಗಿಯೇ ಸ್ವಲ್ಪ ತೆಳುವಾಗಿ ಉರಿಯುತ್ತೆ. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಅದು ಒಂದು ಮಟ್ಟಕ್ಕೆ ಸರಿ ಮಾಡಿಕೊಳ್ಳುತ್ತೆ, ನಮ್ಮ ಕಾರ್ಬುರೇಟರ್ ಗಾಡಿಗೆ ನಾವೇ ನೋಡಬೇಕು. 2013ರ ಗಾಡಿಗೆ ಕಂಪನಿ ಕೊಟ್ಟ ಜೆಟ್ಟಿನ ಮೇಲೇ ಇದೂ ಸೇರಿ, ಅದರ ಮೇಲೆ ಹೊಸ ಫಿಲ್ಟರ್ ಬೇರೆ. ರಬ್ಬರ್ ಪೈಪುಗಳನ್ನೂ ಒಮ್ಮೆ ಬಗ್ಗಿಸಿ ನೋಡಿ, ಹಳೆಯ ಪೈಪು ಎಥನಾಲಿಗೆ ಬಿರುಕು ಬಿಡುತ್ತೆ.

ಸೈಲೆನ್ಸರ್ ಮಾತ್ರ ಕೊನೆಗೆ ತೆಗೆದೇಬಿಟ್ಟೆ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಕಿವಿ ಮುಚ್ಚಿಕೊಂಡದ್ದನ್ನು ನೋಡಿದೆ. ಕಾನೂನೂ ಇದೆ, ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಸದ್ದು, ಹೊಗೆ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ. ಕಂಪನಿ ಸೈಲೆನ್ಸರ್ ವಾಪಸ್ ಹಾಕಿದ ಮೇಲೆ ಮತ್ತೆ ಪ್ಲಗ್ ನೋಡಿದೆ, 120 ಈಗ ಜಾಸ್ತಿಯಾಗಿ ಕಪ್ಪು ಹತ್ತುತ್ತಿತ್ತು. ಹಿಂದೆ ಬಿಳಿ ತೋರಿಸಿದ್ದ 115 ಈಗ ಸರಿಹೋಯಿತು. ಎಮಿಷನ್ ಟೆಸ್ಟಿಗೆ ಹೋದಾಗ ಅಲ್ಲಿಯ ಹುಡುಗನಿಗೆ ಹೇಳಿ ಪೈಲಟ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ ಮಷಿನ್ನಿನಲ್ಲಿ ಹೊಗೆಯ ಸಿಓ (ಕಾರ್ಬನ್ ಮೊನಾಕ್ಸೈಡ್) ಅಂಕಿ ನೋಡಿಕೊಂಡೆ. ಹಾಗೆ ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ, ಅಷ್ಟು ಹೊತ್ತು ನಿಲ್ಲೋಕೆ ಆ ಹುಡುಗ ಬಿಟ್ಟ, ದೊಡ್ಡ ಉಪಕಾರ.

ಶೋರೂಮಿಗೆ ಮತ್ತೆ ಹೋಗಿ ಆ ಮಡಚಿದ ರಬ್ಬರ್ ಮತ್ತು ಹಳೆಯ ಗ್ಯಾಸ್ಕೆಟ್ ಟೇಬಲ್ ಮೇಲೆ ಇಟ್ಟೆ. ಜಗಳ ಮಾಡಲಿಲ್ಲ. ನೋಟ್‌ಬುಕ್ ತೋರಿಸಿದೆ. ಎರಡನೇ ಸಲದ ಲೇಬರ್ ಚಾರ್ಜ್ ವಾಪಸ್ ಕೊಟ್ಟರು. ಫ್ಲೋರ್ ಸೂಪರ್‌ವೈಸರ್ ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದುಕೊಂಡರು.

ಕಳೆದ ವಾರ ಉಡುಪಿಯಿಂದ ವಾಪಸ್ ಬಂದೆ. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಜೋರು ಮಳೆ, ಹಿಂದೆ ಹೆಂಡತಿ, ಎರಡು ಚೀಲ. ಗಾಡಿ ನಿಂತಿದ್ದ ಅದೇ ತಿರುವಲ್ಲಿ ಸೆಕೆಂಡ್ ಗೇರ್, ಟೇಪಿನ ಅರ್ಧ ಗೆರೆ, ಎಲ್ಲೂ ತಡವರಿಸದೆ ಎಳೆಯಿತು. ಆ ತುಂಬಿದ ಟ್ಯಾಂಕಿನಲ್ಲಿ ಮೈಲೇಜ್ 34 ಬಂತು, ಮನೆಗೆ ಬಂದು ಬರೆದಿಟ್ಟೆ.