ಬಿಡುವಿನ ಪೀರಿಯಡ್ ಹೋದ ಮೇಲೆ

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ತರಗತಿಗಳನ್ನು ಉಳಿದವರಿಗೆ ಹಂಚಿದರು, ನಾನು ಭಾಷಾ ಶಿಕ್ಷಕಿಯಾದರೂ ನನ್ನ ಬಿಡುವಿನ ಪೀರಿಯಡ್‌ಗೂ ಗಣಿತ ಬಂತು. ಹೊರಗಿನವರಿಗೆ ಅದು ಒಂದು ಪೀರಿಯಡ್ ಅಷ್ಟೇ. ನೋಟ್‌ಬುಕ್ ತಿದ್ದುವುದು, ನಾಳೆಯ ಪಾಠಕ್ಕೆ ತಯಾರಾಗುವುದು, ಗಂಟಲಿಗೆ ವಿಶ್ರಾಂತಿ ಕೊಡುವುದು ಎಲ್ಲ ಅಲ್ಲೇ ಆಗುತ್ತಿತ್ತು.

2030ರ ಹೊತ್ತಿಗೆ ಪ್ರಪಂಚಕ್ಕೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು ಎಂದು ಯುನೆಸ್ಕೋ ಅಂದಾಜು ಮಾಡಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕಿರುವುದು ಬಿಟ್ಟುಹೋಗುವವರ ಜಾಗ ತುಂಬುವುದಕ್ಕೇ. ಒಬ್ಬರು ಹೋದರೆ ಭಾರ ಉಳಿದವರ ಮೇಲೆ. ಆ ಭಾರ ತಾಳದೆ ಇನ್ನೊಬ್ಬರು ಹೊರಡುತ್ತಾರೆ.

ಕೆಲಸದ ಒತ್ತಡ ತಾಳಲಾರದೆ ಬಸವಳಿದುಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಗುರುತು ಹೇಳಿತು: ದಣಿವು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಲಾಗುತ್ತಿಲ್ಲ ಅನ್ನಿಸುವುದು. ದಣಿವು ಯಾರಿಗಿಲ್ಲ? ನನಗೆ ಹೆದರಿಕೆ ತಂದದ್ದು ಎರಡನೆಯದು. ಮಗು ಕೈ ಎತ್ತಿದರೆ 'ಮತ್ತೇನಪ್ಪಾ' ಅನ್ನಿಸತೊಡಗಿತ್ತು.

ಭಾರ ಇಳಿಸಿಕೊಳ್ಳಲು ಮೊದಲು ಕೈ ಹಾಕಿದ್ದು ತಿದ್ದುವ ಕೆಲಸಕ್ಕೆ. ಎಲ್ಲ ನೋಟ್‌ಬುಕ್‌ಗಳ ಮೇಲೂ ಬೇಗ ಕಣ್ಣಾಡಿಸುತ್ತೇನೆ, ಪೆನ್ ಮುಟ್ಟುವುದಿಲ್ಲ. ಹೆಚ್ಚಿನವರು ಮಾಡಿದ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮರುದಿನ ಬೋರ್ಡ್ ಮೇಲೆ ಹಾಕುತ್ತೇನೆ. ಮಕ್ಕಳೇ ಬೇರೆ ಬಣ್ಣದ ಪೆನ್‌ನಲ್ಲಿ ತಿದ್ದಿಕೊಳ್ಳುತ್ತಾರೆ. ಸಾಲು ಬದಲಿಸುತ್ತಾ ಒಂದು ಸಾಲಿನವರದ್ದು ಮಾತ್ರ ಕೂಲಂಕಷವಾಗಿ ಓದುತ್ತೇನೆ. ಕೆಂಪು ಗೆರೆ ಕಾಣದಿದ್ದರೆ ಪೋಷಕರು ಕೇಳುತ್ತಾರೆ ಅಲ್ವಾ? ಸಭೆಯಲ್ಲಿ ಮೊದಲೇ ಹೇಳಿಬಿಟ್ಟೆ.

ಎರಡು ತರಗತಿ ಒಟ್ಟಿಗೆ ಕೂತಾಗ ಇಬ್ಬರಿಗೂ ಹೊಸ ಪಾಠ ಮಾಡುವುದಿಲ್ಲ. ಒಂದು ಗುಂಪಿಗೆ ಪಾಠ, ಇನ್ನೊಂದಕ್ಕೆ ಅಭ್ಯಾಸದ ಕಾರ್ಡ್. ಅರ್ಧ ಪೀರಿಯಡ್ ಆದ ಮೇಲೆ ಅದಲುಬದಲು. ಉತ್ತರ ಕಾರ್ಡ್‌ನ ಹಿಂದೆಯೇ ಇರುತ್ತದೆ. ಅರ್ಥವಾಗದಿದ್ದರೆ ಮೊದಲು ಪಕ್ಕದವರನ್ನು ಕೇಳಬೇಕು, ಆಮೇಲೆ ಗುಂಪಿನ ಲೀಡರ್‌ನ, ಕೊನೆಗೆ ನನ್ನ. ಈ ಒಂದು ನಿಯಮದಿಂದಲೇ ಕೂಗಾಟ ಎಷ್ಟೋ ಕಡಿಮೆಯಾಯಿತು. ಕಾರ್ಡ್ ಮಾಡುವುದಕ್ಕೆ ಮಾತ್ರ ರಜೆ ದಿನಗಳು ಹೋದವು, ಅದು ಬೇಸರದ ಕೆಲಸ.

ಒಂದೇ ಮಾಹಿತಿಯನ್ನು ಎರಡು ರಿಜಿಸ್ಟರ್‌ಗೆ ಸುಮ್ನೆ ಬರೆಯುತ್ತಿದ್ದೆವು. ಒಂದನ್ನು ಬಿಡೋಣ ಎಂದು ಎಲ್ಲರೂ ಸೇರಿ ಕೇಳಿದೆವು. ಮುಖ್ಯ ಶಿಕ್ಷಕರು ಒಪ್ಪಿದರು.

ಇಷ್ಟಾದರೂ ಗಣಿತದ ಮೇಷ್ಟ್ರ ಜಾಗ ಖಾಲಿಯೇ ಇದೆ. ಭಿನ್ನರಾಶಿ ಅಭ್ಯಾಸ ಮಾಡಿಸಬಲ್ಲೆ. ಬೀಜಗಣಿತವನ್ನು ಹೊಸದಾಗಿ ಕಲಿಸಲು ನನ್ನಿಂದ ಆಗದು. ಹಾಗಂತ ಬರೆದೇ ಕೊಟ್ಟಿದ್ದೇನೆ.